ಟೀ ಕುಡಿಯಲು ಹೋದ ಡ್ರೈವರು

ನಮ್ಮ ಕಾರಿಗೆ ಹೊಸ ಹಾಡಿನ ಸೆಟ್ಟು ಹಾಕಿಸಲು ಹೋದ ದಿನ ದುರ್ಗದಲ್ಲಿ ಏನಾಯಿತು ಎಂದು ನೀವು ಮೊಮ್ಮಕ್ಕಳಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. "ಏನಾಗುತ್ತೆ, ಹಾಕ್ಕೊಟ್ರು, ಬಂದೆ" ಎಂದು ಪ್ರತಿಸಲವೂ ತಪ್ಪಿಸಿಕೊಂಡಿದ್ದೇನೆ. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಬರೆದರೆ ಸೆರಗು ಮರೆಮಾಡಿಕೊಂಡು ಹೇಳಿದ ಹಾಗಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ನಗು ಬಂದರೆ ನಗಿ. ನಾನು ಅಡುಗೆಮನೆಯಲ್ಲಿರುತ್ತೇನೆ.

ಶುರುವಾದದ್ದು ನಿಮ್ಮಿಂದಲೇ. ಬೇಸಿಗೆ ರಜೆಯಲ್ಲಿ ನಿಮ್ಮನ್ನು ಹೊಳಲ್ಕೆರೆಯ ನಮ್ಮ ಮನೆಯಿಂದ ಚಿಕ್ಕಜಾಜೂರಿಗೆ ಕರೆದುಕೊಂಡು ಹೋಗಿ, ಸ್ಟೇಷನ್ನಿನಲ್ಲಿ ರೈಲು ತೋರಿಸಿಕೊಂಡು ಬಂದಿದ್ದೆ. ಹೋಗುವಾಗ ಬರುವಾಗ ಕಾರು ಓಡಿಸಿದ್ದು ನಾನೇ. ನನ್ನ ಖುಷಿಗೆ ಪಾರವಿರಲಿಲ್ಲ. ಮನೆಗೆ ಬಂದ ಮೇಲೆ ದೊಡ್ಡವಳು ಹಿರಿಯೂರಿನಲ್ಲಿದ್ದ ನಿಮ್ಮಮ್ಮನಿಗೆ ಫೋನು ಮಾಡಿ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅಜ್ಜಿ ಕಾರಾಗೆ ಒಂದ್ ಹಾಡಿಲ್ಲ ಏನಿಲ್ಲಮ್ಮ. ಡುರ್ರ್ ಅನ್ನೋದು ಕೇಳ್ಕಂಡು ಕುಂತಿದ್ವಿ."

ದಸರಾ ರಜೆಗೆ ಹೊಸದುರ್ಗದ ಹತ್ತಿರದ ಹಾಲುರಾಮೇಶ್ವರ ದೇವಸ್ಥಾನಕ್ಕೆ ಹೋಗೋಣವೆಂದಾಗ ಇಬ್ಬರೂ ಅಪ್ಪನ ಕಾರಿನಲ್ಲಾದರೆ ಬರುತ್ತೇವೆ ಎಂದಿರಿ. ನಿಮ್ಮಪ್ಪನ ಕಾರು ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದರಲ್ಲಿ ನಾನು ಹಿಂದಿನ ಸೀಟಿನಲ್ಲಿ, ಬುತ್ತಿಯ ಚೀಲದ ಪಕ್ಕ ಇನ್ನೊಂದು ಚೀಲದ ಹಾಗೆ ಕೂರಬೇಕು. ನಿಮ್ಮನ್ನು ನಾನೇ ಕೂರಿಸಿಕೊಂಡು ಹೋಗಬೇಕು, ನಾನೇ ಓಡಿಸಬೇಕು ಎಂಬುದು ನನ್ನ ಆಸೆ. ಬೇರೇನನ್ನೂ ನಾನು ಅಷ್ಟು ಹಟದಿಂದ ಬಯಸಿದ್ದು ನೆನಪಿಲ್ಲ. "ಬ್ಲೂಟೂತ್ ಸೆಟ್ ಹಾಕ್ಸಜ್ಜಿ, ಆಗ ಬರ್ತೀವಿ" ಎಂದು ಚಿಕ್ಕವನು ಕರಾರು ಹಾಕಿದ. ನಾನು ಒಪ್ಪಿದೆ.

ನನಗೆ ಕಾರು ಕಲಿಸಿದ್ದು ನಿಮ್ಮ ಅಜ್ಜ. ಅವರ ಕಣ್ಣು ಮಂಜಾದಾಗ ಸ್ಟೇರಿಂಗು ನನ್ನ ಕೈಗೆ ಕೊಟ್ಟು, ತಾವು ಎಡಗಡೆ ಕೂತು ಹಾಡು ಹಚ್ಚುವ ಕೆಲಸ ಇಟ್ಟುಕೊಂಡರು. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದ ನನಗೆ ಲೈಸೆನ್ಸು ಸಿಕ್ಕಿದ್ದೇ ಒಂದು ಆಶ್ಚರ್ಯ. ಓಡಿಸುವುದು ನನಗೆ ಕಷ್ಟವಲ್ಲ. ನಾನು ಓಡಿಸುವುದನ್ನು ಜನ ನೋಡುವುದು ಕಷ್ಟ. ನಾಲ್ಕು ಮಂದಿ ನಿಂತಿರುವ ಕಡೆ ಕಾರಿನಿಂದ ಇಳಿಯಬೇಕಾದರೆ, ಎಲ್ಲಿಂದಲೋ ಕಾರು ಕದ್ದುಕೊಂಡು ಬಂದವಳ ಹಾಗೆ ತಲೆ ತಗ್ಗಿಸುತ್ತೇನೆ. ಹೊಳಲ್ಕೆರೆಯಲ್ಲಿ ಸೆಟ್ಟು ಹಾಕಿಸಿದರೆ ಗುರುತಿನವರೆಲ್ಲ ನಿಂತು ಮಾತಾಡಿಸುತ್ತಾರೆಂದು ಹೆದರಿ, ಯಾರೂ ಗುರುತಿಲ್ಲದ ದುರ್ಗಕ್ಕೆ ಹೋದೆ. ನೀವು ಬರುವುದಕ್ಕೆ ಇನ್ನೊಂದೇ ದಿನ ಇತ್ತು.

ಅಂಗಡಿಯೇನೋ ಸಿಕ್ಕಿತು. ಮುಂದೆ ನಾಲ್ಕು ಜನ ಗಂಡಸರು ಒಂದು ಫೋನಿನ ಮೇಲೆ ಬಗ್ಗಿಕೊಂಡು ಕ್ರಿಕೆಟ್ ನೋಡುತ್ತಿದ್ದರು. ನಾನು ಕಾರನ್ನು ಅಂಗಡಿಯ ಪಕ್ಕದ ಸಂದಿಗೆ ಮೂತಿ ಮುಂದಾಗಿ ತೂರಿಸಿ ನಿಲ್ಲಿಸಿದೆ. ಬಲಗಡೆ ಬಾಗಿಲು ತೆಗೆದರೆ ಅವರ ನಡುವೆಯೇ ಇಳಿಯಬೇಕು. ಎಡಗಡೆ ಯಾರೂ ಇಲ್ಲ, ಬಾಗಿಲು ತೆಗೆಯುವಷ್ಟು ಜಾಗ ಬಿಟ್ಟು ಬರೀ ಗೋಡೆ. ಆ ಕಡೆ ಇಳಿಯೋಣವೆಂದು, ಗೇರಿಗೆ ಸೀರೆ ಸಿಕ್ಕಿಸಿಕೊಂಡು, ಒಂದು ಚಪ್ಪಲಿ ಈಚೆಯೇ ಬಿಟ್ಟು, ಎಡಗಡೆ ಸೀಟಿಗೆ ದಾಟಿದೆ. ದಾಟಿ ಉಸಿರು ಬಿಡುವಷ್ಟರಲ್ಲಿ ಫಿಟ್ಟರ್ ಬಂದು ಬಲಗಡೆ ಕಿಟಕಿಯಲ್ಲಿ ಬಗ್ಗಿದ. ನಲವತ್ತು ದಾಟಿದ ಮನುಷ್ಯ, ಹಲ್ಲಿನಲ್ಲಿ ಇನ್ಸುಲೇಶನ್ ಟೇಪಿನ ತುಂಡು ಕಚ್ಚಿಕೊಂಡೇ ಮಾತಾಡುತ್ತಿದ್ದ.

"ಏನಾಗ್ಬೇಕಿತ್ತು ಅಮ್ಮಾರೆ?"

"ಹಾಡಿನ ಸೆಟ್ಟು ಹೊಸದು ಹಾಕ್ಸಬೇಕಿತ್ತಪ್ಪ."

"ಹಾಕಾಣ. ಡ್ರೈವರ್ ಎಲ್ಲಿ ಹೋದ್ರು?"

ನಾನೇ ಎಂದಿದ್ದರೆ ಮುಗಿಯುತ್ತಿತ್ತು. ಎರಡಕ್ಷರ. ಅವನ ಹಿಂದೆ ಆ ನಾಲ್ವರೂ ಫೋನಿನಿಂದ ತಲೆಯೆತ್ತಿ ನೋಡಿದರು. ನನ್ನ ಬಾಯಿಂದ ಬಂದದ್ದು, "ಟೀ ಕುಡಿಯಾಕೆ ಹೋಗ್ಯಾರೆ."

ಇಲ್ಲದ ಡ್ರೈವರಿಗೆ "ಹೋಗ್ಯಾರೆ" ಎಂದು ಮರ್ಯಾದೆ ಬೇರೆ ಕೊಟ್ಟೆ.

"ಬರ್ಲಿ ಬಿಡ್ರಿ, ಅಷ್ಟ್ರಾಗೆ ಹಳೇದು ಬಿಚ್ತೀನಿ" ಎಂದು ಅವನು ನನ್ನ ಸೀಟಿನಲ್ಲಿ ಕೂತ. ಕೂರುವಾಗ ಕಾಲಿಗೆ ನನ್ನ ಚಪ್ಪಲಿ ತಗುಲಿತು. ಎತ್ತಿ ನೋಡಿ ನನ್ನ ಕೈಗೆ ಕೊಟ್ಟ. ನಾನು ಇಸಿದುಕೊಂಡು ಕಾಲಿಗೆ ಹಾಕಿಕೊಂಡೆ.

ಟಿವಿಯಷ್ಟು ಅಗಲದ ಪರದೆಯ ಸೆಟ್ಟೊಂದನ್ನು ತಂದು ತೋರಿಸಿದ. ಅದು ಕೂರಬೇಕಾದರೆ ಡ್ಯಾಶ್‌ಬೋರ್ಡ್ ಕೊಯ್ಯಬೇಕಂತೆ. ನಾನು ಬೇಡವೇ ಬೇಡ ಎಂದೆ. ಹಳೆಯ ಕಿಂಡಿಗೇ ಸರಿಹೋಗುವ ಚಿಕ್ಕದನ್ನು ಆರಿಸಿದ. ಎರಡು ತೆಳ್ಳನೆಯ ಕಬ್ಬಿಣದ ಪಟ್ಟಿಗಳನ್ನು ಹಳೆಯ ಸೆಟ್ಟಿನ ಎರಡೂ ಅಂಚಿಗೆ ತೂರಿಸಿ ಎಳೆದ. ಅದು ಕಿರ್ರೆಂದು ಈಚೆ ಬಂತು, ಹಿಂದೆಯೇ ಒಂದು ಹೊರೆ ವೈರು. ವೈರುಗಳ ಗಂಟುಗಳಿಗೆಲ್ಲ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಅದು ನಿಮ್ಮ ಅಜ್ಜನ ಕೆಲಸ.

"ಯಾವ ಡಾಕ್ಟ್ರು ಮಾಡಿದ್ದು ಅಮ್ಮಾರೆ ಇದು?" ಎಂದು ಫಿಟ್ಟರ್ ನಕ್ಕ. ನಾನೂ ನಕ್ಕೆ. ಆಮೇಲೆ ಹಳೆಯ ಸೆಟ್ಟು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮಗುವಿನ ಗಿಲಕಿಯ ಹಾಗೆ ಸದ್ದಾಯಿತು. ಒಂದು ಹಳೆಯ ಪೇಪರ್ ಹಾಸಿ, ಮುಚ್ಚಳ ಬಿಚ್ಚಿ, ಬೋರಲು ಹಾಕಿ ತಟ್ಟಿದ.

ಅಕ್ಕಿ ಉದುರಿತು. ಒಂದು ಹಿಡಿಯಷ್ಟು, ಅರಿಶಿನ ಹಚ್ಚಿದ ಅಕ್ಕಿ. ಜೊತೆಗೆ ಒಣಗಿದ ಚೆಂಡುಹೂವಿನ ಎಸಳು, ಕುಂಕುಮ, ಸತ್ತ ಇರುವೆಗಳು, ಇರುವೆಗಳು ತಿಂದು ಉಳಿಸಿದ ಸಕ್ಕರೆ.

ನೋಡಿದ ತಕ್ಷಣ ನನಗೆ ಎಲ್ಲ ಗೊತ್ತಾಯಿತು. ಪ್ರತಿ ಆಯುಧಪೂಜೆಗೆ ನಿಮ್ಮ ಅಜ್ಜ ಹೊರಗೆ ಗಾಲಿಗಳಿಗೆ ನಿಂಬೆಹಣ್ಣು ಇಡುತ್ತಿದ್ದರು, ಕುಂಬಳಕಾಯಿ ಒಡೆಯುತ್ತಿದ್ದರು. ಒಳಗಿನ ಪೂಜೆ ನನ್ನದು. ಸ್ಟೇರಿಂಗಿಗೆ ಕುಂಕುಮ, ಗೇರಿಗೆ ಹೂವು. ನೈವೇದ್ಯ ಎಲ್ಲಿಡುವುದು? ಇಡೀ ಕಾರಿನಲ್ಲಿ ಬಾಯಿ ಅಂತ ಇದ್ದದ್ದು ಕ್ಯಾಸೆಟ್ ಹಾಕುವ ಕಿಂಡಿಗೆ ಮಾತ್ರ. ತಳ್ಳಿದರೆ ಒಳಗೆ ಹೋಗುತ್ತಿತ್ತು, ಬಾಯಿ ಮುಚ್ಚಿಕೊಳ್ಳುತ್ತಿತ್ತು. ದೇವರು ಸ್ವೀಕರಿಸಿದ ಹಾಗೇ ಕಾಣುತ್ತಿತ್ತು. ನಾಲ್ಕು ಕಾಳು ಅಕ್ಷತೆ, ಒಂದು ಚಿಟಿಕೆ ಸಕ್ಕರೆ, ವರ್ಷವರ್ಷವೂ ತಪ್ಪದೆ ತಿನ್ನಿಸಿದ್ದೆ. ಸೆಟ್ಟು ಮೊದಲು ಹಾಡನ್ನು ಎಳೆದೆಳೆದು ಹೇಳತೊಡಗಿತು, ಆಮೇಲೆ ಕ್ಯಾಸೆಟ್ಟುಗಳನ್ನು ನುಂಗತೊಡಗಿತು, ಕೊನೆಗೆ ಸುಮ್ಮನಾಯಿತು. ನಿಮ್ಮ ಅಜ್ಜ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರು, ಬಾಯಿ ಹಚ್ಚಿ ಊದಿದರು, ಕಾಲ ಕೆಟ್ಟಿತು, ಕ್ಯಾಸೆಟ್ ಮಾಡುವವರಿಗೆ ನಿಯತ್ತಿಲ್ಲ ಎಂದು ಕೊನೆಯ ತನಕ ಬೈದರು. ಪಕ್ಕದಲ್ಲಿ ಕೂತು ನಾನೂ ಬೈದೆ. ಅವರು ಹೋದ ಮೇಲೆ ನಿಮಗೆ, "ನಿಮ್ಮಜ್ಜ ಏನೇನೋ ರಿಪೇರಿ ಮಾಡಿ ಕೆಡಿಸಿದ್ರು" ಎಂದು ಹೇಳಿದ್ದೆ. ಆ ಮಾತನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಕೆಡಿಸಿದ್ದು ನಾನು.

"ಯಾರಮ್ಮಾರೆ ಇದಕ್ಕೆ ಅಕ್ಕಿ ಹಾಕಿರೋರು?" ಎಂದು ಫಿಟ್ಟರ್ ಕೇಳಿದ. ನಾಲ್ವರೂ ಕ್ರಿಕೆಟ್ ಬಿಟ್ಟು ಪೇಪರಿನ ಸುತ್ತ ನೆರೆದಿದ್ದರು.

"ಡ್ರೈವರ್ ಹಾಕಿರ್ಬೇಕು" ಎಂದೆ.

"ಎಂಥ ದಡ್ಡನ್ನ ಇಟ್ಕಂಡಿದೀರಿ! ಮುಂದಿನ ಬಂಪರ್ ನೋಡ್ದೆ, ಗೋಡೆಗೆ ಗುದ್ದಿ ಗುದ್ದಿ ಇಕ್ಕಿದಾನೆ. ಕ್ಲಚ್ಚು ನೋಡಿದ್ರೆ ಅದರ ಮ್ಯಾಲೆ ಕಾಲಿಟ್ಕಂಡೇ ನಿದ್ದೆ ಮಾಡ್ತಾನೆ ಅನ್ಸುತ್ತೆ. ಬಿಡ್ಸಿಬಿಡ್ರಿ ಅಮ್ಮಾರೆ ಅವನ್ನ."

"ಪಾಪ, ಹಳಬರು" ಎಂದೆ.

ಆಮೇಲೆ ಅವನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಕೆಳಗಾಗಿ ತೂರಿ, ನನ್ನ ಕೈಗೆ ಟಾರ್ಚು ಕೊಟ್ಟ. ಒಂದು ಗಂಟೆ ಹಿಡಿದೆ. ಯಾವೂರು ಎಂದು ಕೇಳಿದ, ಹೊಳಲ್ಕೆರೆ ಎಂದೆ. ನಾನು ನಾಚಿಕೆಯಿಂದ ಅವನ ಕಡೆ ನೋಡದೆ ಗೋಡೆಯ ಕಡೆ ನೋಡುತ್ತಿದ್ದರಿಂದ ಬೆಳಕೂ ಗೋಡೆಯ ಕಡೆಗೇ ಹೋಗುತ್ತಿತ್ತು. "ಅಮ್ಮಾರೆ, ಗ್ವಾಡೆಗೆ ವೈರಿಂಗ್ ಇಲ್ಲ, ಇತ್ಲಾಗೆ ಹಿಡೀರಿ" ಎಂದು ಮೂರು ಸಲ ಹೇಳಿದ. ಹಳದಿ ವೈರು ಸದಾ ಬ್ಯಾಟರಿಗೆ ಅಂಟಿಕೊಂಡಿರಬೇಕು, ಇಲ್ಲದಿದ್ದರೆ ಕೀಲಿ ತೆಗೆದಾಗೆಲ್ಲ ಸೆಟ್ಟಿಗೆ ಮರೆವು ಬರುತ್ತದೆ, ಕೆಂಪಿನದು ಕೀಲಿ ತಿರುಗಿಸಿದಾಗ ಎಬ್ಬಿಸುವುದಕ್ಕೆ. ಇಷ್ಟನ್ನು ಹೇಳಿ, "ಡ್ರೈವರ್ ಬಂದ್ರೆ ಅವನಿಗೂ ಹೇಳ್ತೀನಿ" ಎಂದ. ನಾನು ಅವರ ಪರವಾಗಿ ಬಹಳ ಗಮನವಿಟ್ಟು ಕೇಳಿಸಿಕೊಂಡೆ.

ಕೆಲಸ ಮುಗಿಯಿತು. ಸೆಟ್ಟಿನಲ್ಲಿ ನೀಲಿ ದೀಪ ಹತ್ತಿತು. ಹಿಂದೆ ಇನ್ನೊಂದು ಗಾಡಿ ಬಂದು ಹಾರನ್ ಹೊಡೆಯತೊಡಗಿತು.

"ಡ್ರೈವರ್ ಕರೀರಿ ಅಮ್ಮಾರೆ, ಗಾಡಿ ಹಿಂದಕ್ಕೆ ತೆಗೀಲಿ."

"ಬರ್ತಾರೆ."

"ಫೋನ್ ಹಚ್ರಿ."

"ಅವರತ್ರ ಫೋನ್ ಇಲ್ಲ."

ಫಿಟ್ಟರ್ ರಸ್ತೆಗೆ ಹೋಗಿ ಎದುರಿನ ಟೀ ಅಂಗಡಿಯ ಕಡೆ ಕೂಗಿದ: "ಲೇ, ಹೊಳಲ್ಕೆರೆ ಅಜ್ಜಿ ಡ್ರೈವರ್ ಯಾರ‍್ರಲೇ ಅಲ್ಲಿ?" ಯಾರೂ ಎದ್ದು ಬರಲಿಲ್ಲ. ಪಕ್ಕದ ಬ್ಯಾಟರಿ ಅಂಗಡಿಯಲ್ಲೂ ವಿಚಾರಿಸಿದ. ಕೊನೆಗೆ ಒಬ್ಬ ಆಟೋದವನನ್ನು ಕೈಹಿಡಿದು ಕರೆದುಕೊಂಡು ಬಂದ.

"ಆ ದಡ್ಡ ಕುಡ್ಕಂಡು ಎಲ್ಲೋ ಬಿದ್ದಿರ್ಬೇಕು ಅಮ್ಮಾರೆ. ಇವ್ನು ನಮ್ಮೋನೇ, ಹೊಳಲ್ಕೆರೆ ತಂಕ ಬಿಟ್ಬರ್ತಾನೆ. ನಾಳೆಯಿಂದ್ಲೂ ಬೇಕಂದ್ರೆ ಬರ್ತಾನೆ. ಎಲ್ಲಿಗೆ ಹೋಗ್ಬೇಕು ನಾಳೆ?"

"ಹಾಲುರಾಮೇಶ್ವರಕ್ಕೆ" ಎಂದು ಬಾಯಿಂದ ಬಿದ್ದುಹೋಯಿತು.

"ಹೋಗಾಣ ಬಿಡ್ರಿ" ಎಂದು ಆಟೋದವನು ಬಲಗಡೆ ಬಾಗಿಲು ತೆಗೆದೇಬಿಟ್ಟ. ನನ್ನ ಸೀಟಿನಲ್ಲಿ ಕೂತ. ಸೀಟು ಹಿಂದಕ್ಕೆ ಸರಿಸಿಕೊಂಡ. ಕನ್ನಡಿಯನ್ನೂ ತನಗೆ ಬೇಕಾದ ಹಾಗೆ ತಿರುಗಿಸಿಕೊಂಡ. ನಾಳೆ ಅಲ್ಲಿ ಅವನು, ಹಿಂದೆ ನೀವಿಬ್ಬರು, ನಿಮ್ಮ ಪಕ್ಕದಲ್ಲಿ ಚೀಲ, ಚೀಲದ ಪಕ್ಕ ನಾನು. ಅದು ಕಣ್ಣಿಗೆ ಕಟ್ಟಿತು.

"ಡ್ರೈವರ್ ನಾನೇ" ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಆಟೋದವನು "ಏನಂದ್ರಿ?" ಎಂದ. ಮೂರನೆಯ ಸಲ ಹೇಳುವ ಶಕ್ತಿಯಿಲ್ಲದೆ, ಎಲೆಅಡಿಕೆ ಚೀಲದಿಂದ ಲೈಸೆನ್ಸು ತೆಗೆದು ಚಾಚಿದೆ. ಫಿಟ್ಟರ್ ಅದನ್ನು ಇಸಿದುಕೊಂಡು ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ.

"ಹಂಗಾರೆ ಅಕ್ಕಿ ಹಾಕಿದ್ದು?"

"ನಾನೇ."

"ಬಂಪರ್?"

"ಅದೂ ನಾನೇ."

"ಟೀ ಕುಡಿಯಾಕೆ ಹೋಗಿದ್ದು?"

"ನಾನೇ ಕಣಪ್ಪ. ಇನ್ನೂ ಕುಡಿದಿಲ್ಲ."

ಅವನು ನಗಲಿಲ್ಲ, ಪುಣ್ಯಾತ್ಮ. ತಿರುಗಿ ಟೀ ಅಂಗಡಿಯ ಕಡೆ, "ಲೇ, ಡ್ರೈವರ್‌ಗೆ ಒಂದ್ ಟೀ ಕಳ್ಸು!" ಎಂದು ಕೂಗಿದ. ಉಳಿದವರು ನಕ್ಕರು. ಆಟೋದವನು ಸೀಟು ಮೊದಲಿನಂತೆ ಮುಂದಕ್ಕೆ ತಳ್ಳಿ ಇಳಿದ. ನಾನು ಟೀ ಕುಡಿದು, ಈ ಸಲ ಬಾಗಿಲಿನಿಂದಲೇ ಇಳಿದು, ಸುತ್ತು ಹಾಕಿ ಬಂದು ಬಲಗಡೆ ಕೂತೆ. ಕಾರು ಹಿಂದಕ್ಕೆ ತೆಗೆಯುವುದನ್ನು ನೋಡಲು ಟೀ ಅಂಗಡಿಯವರೂ ಬಂದು ನಿಂತರು. ಎರಡು ಸಲ ಇಂಜಿನ್ ಆಫ್ ಆಯಿತು. "ಬರ‍್ರಿ, ಬರ‍್ರಿ, ಬರ‍್ರಿ, ಸಾಕು!" ಎಂದು ಆರು ಜನ ಆರು ಕಡೆಯಿಂದ ಕೈಬೀಸಿದರು. ಹೊಳಲ್ಕೆರೆ ಮುಟ್ಟುವ ತನಕ ನನ್ನ ಕಿವಿ ಬಿಸಿಯಾಗಿಯೇ ಇತ್ತು. ಸೆಟ್ಟನ್ನು ಹಚ್ಚಲು ನೆನಪೇ ಆಗಲಿಲ್ಲ.

ಮಾರನೆಯ ದಿನ ನಿಮ್ಮಪ್ಪ ನಿಮ್ಮನ್ನು ತಂದು ಬಿಟ್ಟರು. ತಮಗೆ ಹೊಸದುರ್ಗದಲ್ಲಿ ಕೆಲಸವಿದೆಯೆಂದು ಮುಂದೆ ಹೋದರು. ನೀವು ಸೆಟ್ಟು ನೋಡಿದಿರಿ. "ಸ್ಕ್ರೀನ್ ಇಲ್ವಾ?" ಎಂದ ಚಿಕ್ಕವನು. ದೊಡ್ಡವಳು ತನ್ನ ಫೋನು ಜೋಡಿಸಿ ಹಾಡು ಹಾಕಿದಳು. ನನಗೆ ಒಂದು ಪದವೂ ತಿಳಿಯದ ಹಾಡು. ಕಿಟಕಿಯ ಗಾಜುಗಳೆಲ್ಲ ನಡುಗಿದವು. ಆದರೂ ನೀವು ಹಿಂದೆ ಕೂತಿದ್ದಿರಿ, ಸ್ಟೇರಿಂಗು ನನ್ನ ಕೈಯಲ್ಲಿತ್ತು.

ಹೊಸದುರ್ಗ ಇನ್ನೂ ದೂರವಿರುವಾಗ ರಸ್ತೆಯ ತುಂಬ ಕುರಿಮಂದೆ ಸಿಕ್ಕಿತು. ಹಾರನ್ ಹೊಡೆಯುವುದಕ್ಕೆ ನನಗೆ ಸಂಕೋಚ, ಅದೂ ಕುರಿ ಕಾಯುವ ಹಿರಿಯರೊಬ್ಬರ ಬೆನ್ನ ಹಿಂದೆ. ಪಕ್ಕಕ್ಕೆ ನಿಲ್ಲಿಸಿದೆ. ಹಿಂದಿನಿಂದ ಇನ್ನೊಂದು ಮಂದೆ ಬಂದು ನಮ್ಮನ್ನು ದಾಟತೊಡಗಿತು. ಅಷ್ಟರಲ್ಲಿ ದೊಡ್ಡವಳಿಗೆ ಫೋನು ಬಂದು ಹಾಡು ನಿಂತು, ನಾಲ್ಕೂ ಸ್ಪೀಕರಿನಲ್ಲಿ ನಿಮ್ಮಮ್ಮನ ದನಿ ಬಂತು.

"ಏನೇ, ಅಜ್ಜಿ ಹೆಂಗೆ ಓಡಿಸ್ತಾ ಐತೆ? ಸ್ಪೀಕರ್ ಹಾಕ್ಬ್ಯಾಡ, ಅಜ್ಜಿಗೆ ಕೇಳ್ಸುತ್ತೆ. ಭಯ ಆದ್ರೆ ಹೇಳು, ನಿಮ್ಮಪ್ಪ ಇನ್ನೂ ಹೊಸದುರ್ಗದಾಗೇ ಅವ್ರೆ, ಬಂದು ಕರ್ಕಂಡ್ ಹೋಗ್ತಾರೆ."

ನಾನು ಕುರಿಗಳನ್ನೇ ನೋಡುತ್ತಿದ್ದೆ. ನೀವಿಬ್ಬರೂ ಹಿಂದೆ ಏನೋ ಪಿಸುಗುಟ್ಟಿಕೊಂಡಿರಿ. ಆಮೇಲೆ ದೊಡ್ಡವಳು ಹೇಳಿದಳು:

"ಬ್ಯಾಡಮ್ಮ. ಲಾರಿ ನಮ್ಮನ್ನ ಓವರ್‌ಟೇಕ್ ಮಾಡ್ತು, ಟ್ರ್ಯಾಕ್ಟರ್ ಮಾಡ್ತು, ಈಗ ಕುರಿ ಮಾಡ್ತಾ ಅವೆ. ಅಪ್ಪನ ಕಾರಾಗೆ ಇವೆಲ್ಲ ಸಿಗಲ್ಲ. ಅಜ್ಜಿ ಜೊತೆಗೇ ಬರ್ತೀವಿ."

"ಒಂದು ಕುರಿ ಕಿಟಕೀಲಿ ಇಣುಕ್ತಮ್ಮ!" ಎಂದು ಚಿಕ್ಕವನು ಕಿರುಚಿದ.

ತನ್ನ ಮಾತು ಕಾರಿನ ತುಂಬ ಕೇಳಿಸುತ್ತಿದೆಯೆಂದು ನಿಮ್ಮಮ್ಮನಿಗೆ ಆಗ ಹೊಳೆದಿರಬೇಕು. ಮೆಲ್ಲಗೆ ಕೇಳಿದಳು, "ಯವ್ವಾ, ನಿಂಗೇನಾದ್ರೂ ಕೇಳಿಸ್ತೇನು?"

"ಇಲ್ಲ ಕಣವ್ವ" ಎಂದೆ.