ಪಿಯಾನೋ ದೊರೆಯ ಕಾಗದದ ಗಂಟು

ಹುಣಸೂರಿನ ಕುಳ್ಳಮ್ಮ ಗಂಡ ಸತ್ತ ಮೇಲೆ ಹೊಟ್ಟೆಪಾಡಿಗೆ ಹಿಡಿದದ್ದು ಪಿಯಾನೋ ದೊರೆಯ ಮನೆಯ ಅಡಿಗೆ ಕೆಲಸ. ದೊರೆಯೆಂದರೆ ಅರಮನೆಯ ದೊರೆಯಲ್ಲ; ಬಿಳಿ ತೊಗಲಿನವರೆಲ್ಲ ನಮ್ಮೂರಿಗೆ ದೊರೆಗಳೇ, ಅಂಗಿಯ ಮೊಣಕೈ ಹರಿದಿದ್ದರೂ ಸರಿ. ಒಸ್ತಾಪ್ ಎಂಬ ಆತ ಉಕ್ರೇನ್ ಸೀಮೆಯವನು. ಅಲ್ಲಿ ಗಲಭೆಯೆದ್ದಾಗ ಮನೆಮಠ ಕಳೆದುಕೊಂಡು, ಊರೂರು ಅಲೆದು, ಕೊನೆಗೆ ಇಲ್ಲಿಯ ಕಾಫಿ ತೋಟದ ಸಾಹೇಬನ ಹೆಣ್ಣುಮಕ್ಕಳಿಗೆ ಪಿಯಾನೋ ಕಲಿಸಲು ಬಂದಿದ್ದ. ಸಾಹೇಬ ತನ್ನ ದೇಶಕ್ಕೆ ಹೊರಟುಹೋದ. ಪಿಯಾನೋ ಜೊತೆಗೆ ಇವನೂ ಇಲ್ಲೇ ಉಳಿದ.

ಹಗಲೆಲ್ಲ ಕಾಗದಕ್ಕೆ ಗೆರೆ ಎಳೆದು ಸ್ವರ ಬರೆಯುತ್ತಿದ್ದ. ತಾಯಿ ಗೋಧಿ ಕೊಯ್ಯುವಾಗ ಹೇಳುತ್ತಿದ್ದ ಹಾಡೊಂದನ್ನು ಹಿಡಿದು, ಮೂವತ್ತು ವಾದ್ಯ ಕೂಡಿ ನುಡಿಸುವಂತೆ ಕಟ್ಟಿದ್ದ. ಅದನ್ನು ಮೈಸೂರಿನ ವಾದ್ಯದವರು ಒಮ್ಮೆ ನುಡಿಸಬೇಕು, ತಾನು ಕೂತು ಕೇಳಬೇಕು, ಇದೊಂದೇ ಆಸೆ ಆ ಪಾಪದವನಿಗೆ. ಮೈಸೂರಿಗೆ ಕೇಳಿ ಬರೆದಿದ್ದ; ಬಸ್ಸಿನ ಸದ್ದಾದರೆ ಸಾಕು, ಅಲ್ಲಿಂದ ಯಾರಾದರೂ ಬಂದರೇನೋ ಎಂದು ಬಾಗಿಲಿಗೆ ಬರುತ್ತಿದ್ದ.

"ಯಾರೂ ಬರ್ನಿಲ್ಲ ಬುದ್ಧಿ. ಅನ್ನ ಆರೋಯ್ತದೆ, ಬನ್ನಿ," ಎನ್ನುತ್ತಿದ್ದಳು ಕುಳ್ಳಮ್ಮ.

ಮಳೆಗಾಲದ ಮೊದಲಲ್ಲೇ ಚಳಿಜ್ವರ ಅವನನ್ನು ಕೊಂಡೊಯ್ದಿತು. ಮಣ್ಣು ಮಾಡುವಾಗ ಕುಳ್ಳಮ್ಮ ಆ ಕಾಗದಗಳನ್ನೆಲ್ಲ ಗಂಟು ಕಟ್ಟಿ ತಂದು ಅವನ ಎದೆಯ ಮೇಲಿಟ್ಟಳು. ಸತ್ತವರ ಜೀವ ಯಾವುದರ ಮೇಲಿತ್ತೋ ಅದನ್ನು ಜೊತೆಗೆ ಕಳಿಸಬೇಕಲ್ಲ. ಗಂಡನಿಗೂ ಎಲೆಯಡಿಕೆ ಸಂಚಿ ಇಟ್ಟಿದ್ದಳು. ಗುಂಡಿ ತೋಡಿದ ಅಂಕಯ್ಯ, "ಒಳ್ಳೆ ಕೆಲ್ಸ ಮಾಡ್ದೆ ಕಣಕ್ಕ," ಎಂದ.

ಮಳೆ ನಿಂತ ಮೇಲೆ ಮೈಸೂರಿನ ಪಿಟೀಲು ವಿದ್ವಾಂಸ ಮಹದೇವಯ್ಯನವರು ಬಸ್ಸಿಳಿದು ಬಂದರು. ದೊರೆ ಸತ್ತ ಸುದ್ದಿ ಕೇಳಿ ಪೇಟ ತೆಗೆದು ಜಗಲಿಯ ಮೇಲೆ ಕೂತರು.

"ಅವರದನ್ನ ನುಡಿಸೋಕೆ ಈಗ ಒಪ್ಪಿಗೆಯಾಗಿದೆಯಮ್ಮ. ಕಾಗದಗಳೆಲ್ಲಿ? ಬೇರೆ ಪ್ರತಿ ಎಲ್ಲೂ ಇಲ್ಲ."

ಗುಂಡಿಗೆ ಇಟ್ಟದ್ದನ್ನು ಕುಳ್ಳಮ್ಮ ಹೇಳಿದಳು. ಅಂಕಯ್ಯನನ್ನು ಕರೆಸಿ ಅಗೆಸಿದರು. ನೋಡಬಾರದ್ದನ್ನೆಲ್ಲ ನೋಡಿದ ಮೇಲೆ ಸಿಕ್ಕಿದ್ದು ಗೆದ್ದಲು ಹಿಡಿದ ಮಣ್ಣು, ಅದರೊಳಗೆ ಗಂಟು ಕಟ್ಟಿದ್ದ ದಾರದ ತುಂಡು. ಅವಳು, ದೊರೆ ಪಿಯಾನೋದಲ್ಲಿ ದಿನಾ ನುಡಿಸುತ್ತಿದ್ದದ್ದನ್ನು ನೆನಪು ಮಾಡಿಕೊಂಡು ಗುನುಗಿದಳು. ಮಹದೇವಯ್ಯನವರು ಕಣ್ಣು ಮುಚ್ಚಿ ಕೇಳಿದರು.

"ಇದು ಒಂದೆಳೆ ಕಣಮ್ಮ. ಮಿಕ್ಕ ವಾದ್ಯಗಳದ್ದು?"

"ಮಿಕ್ಕಿದ್ದು ನಂಗೆ ಬರಾಕಿಲ್ಲ ಸ್ವಾಮಿ. ನಾನೇ ಕೈಯಾರ ಊತ್ಬುಟ್ಟೆ."

ಅವರು ಸಂಜೆಯ ಬಸ್ಸಿಗೆ ಹೊರಟುಹೋದರು. ಕುಳ್ಳಮ್ಮ ಆಮೇಲೆ ಗುನುಗಲಿಲ್ಲ. ಎಷ್ಟೋ ವರ್ಷದ ಮೇಲೆ, ಸಾಯುವ ಹೊತ್ತಿಗೆ, ಮಗಳು ಪುಟ್ಟಮಾದಮ್ಮನ ಕೈ ಹಿಡಿದು ಹೇಳಿದ್ದು ಇಷ್ಟೇ:

"ನನ್ ಗುಂಡಿಗೆ ಏನೂ ಇಡಬ್ಯಾಡ ಕಣವ್ವ. ಯಾರಾರ ಕೇಳ್ಕಂಡು ಬಂದಾರು."