ಆ್ಯಪ್ ಹೋಗಿ ಸ್ಟೂಲ್ ಬಂತು

ಡಿಸೈನ್ ಕೋರ್ಸಿನ ಕೊನೆಯ ಪ್ರಾಜೆಕ್ಟಿಗೆ ನಾನು ಹೌಸಿಂಗ್ ಸೊಸೈಟಿಗಳ ಗಾರ್ಡುಗಳಿಗೆಂದು ಒಂದು ಆ್ಯಪ್ ಮಾಡುತ್ತಿದ್ದೆ. ಬಂದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುವ ಬದಲು ಫೋನಿನಲ್ಲಿ ಒತ್ತಿದರೆ ಸಾಕು. ದೆಹಲಿಯ ದ್ವಾರಕಾದಲ್ಲಿ ನಮ್ಮ ಗೇಟಿನ ಗಾರ್ಡ್ ಅಂಕಲ್‌ಗೆ ತೋರಿಸಿದೆ.

“ಅಚ್ಛಾ ಹೈ ಬೇಟಾ,” ಎಂದರು. “ಇದನ್ನೂ ನಿಂತೇ ಒತ್ತಬೇಕಾ?”

ಕೂತರೆ ನಿದ್ದೆ ಮಾಡುತ್ತಾರೆಂದು ಸೊಸೈಟಿಯವರು ಅವರ ಕುರ್ಚಿ ತೆಗೆಸಿದ್ದರಂತೆ. ರಿವ್ಯೂಗೆ ಒಂದೇ ವಾರವಿತ್ತು. ಫೇಲಾದರೆ ಆಗಲಿ ಎಂದು ಆ್ಯಪ್ ಬಿಟ್ಟು ಒಂದು ಎತ್ತರದ ಸ್ಟೂಲ್ ಮಾಡಿದೆ. ಒರಗಿದರೆ ಕಾಲಿಗೆ ಆರಾಮ, ತೂಕಡಿಸಿದರೆ ಮಾತ್ರ ಜಾರುತ್ತದೆ.

ರಿವ್ಯೂ ದಿನ ಬೆಳಗ್ಗೆಯಿಂದ ಎಲ್ಲರ ಟೇಬಲ್ ಮುಂದೆ ನಿಂತೂ ನಿಂತೂ ಸುಸ್ತಾಗಿದ್ದ ನಮ್ಮ ಕೋರ್ಸಿನ ಸರ್, “ಆ್ಯಪ್ ಕಹಾಂ ಹೈ?” ಎಂದರು. ನಾನು ಸ್ಟೂಲನ್ನು ಅವರತ್ತ ತಳ್ಳಿದೆ. ಅದಕ್ಕೆ ಒರಗಿದವರು ಉಳಿದವರ ರಿವ್ಯೂವನ್ನೂ ಅಲ್ಲಿಂದಲೇ ಮುಗಿಸಿದರು.

ಪಾಸಾದೆ. ಸ್ಟೂಲ್ ಮಾತ್ರ ಇನ್ನೂ ಸರ್ ರೂಮಿನಲ್ಲೇ ಇದೆ. ಅದು ಯಾವಾಗ ಬರುತ್ತದೆಂದು ಗಾರ್ಡ್ ಅಂಕಲ್ ದಿನಾ ಕೇಳುತ್ತಾರೆ, ನಿಂತುಕೊಂಡೇ.