ಎಲೆಯ ಮೇಲೆ ಬಿಗಿದ ತುಪ್ಪ

ಡಬ್ಬದ ತುಪ್ಪವೆಂದರೆ ನಮ್ಮತ್ತೆಗೆ ಮೈಯೆಲ್ಲ ಉರಿಯುತ್ತಿತ್ತು. ಯುದ್ಧದ ಕಾಲ, ಭದ್ರಾವತಿಯಲ್ಲಿ ಒಳ್ಳೆಯ ಬೆಣ್ಣೆಗೆ ಪರದಾಟ. ಕಬ್ಬಿಣದ ಕಾರ್ಖಾನೆಯಲ್ಲಿದ್ದ ನನ್ನ ಯಜಮಾನರು ಒಂದು ಡಬ್ಬ ವನಸ್ಪತಿ ತಂದು, ಇದು ಬರೀ ಕಡಲೆಕಾಯಿ ಎಣ್ಣೆ, ಜಲಜನಕದ ಗಾಳಿ ಹಾಯಿಸಿ ಗಟ್ಟಿ ಮಾಡಿದ್ದಾರೆ ಅಷ್ಟೇ ಎಂದು ಪಾಠ ಒಪ್ಪಿಸಿದರು. ಗಾಳಿ ಊದಿದರೆ ಎಣ್ಣೆ ತುಪ್ಪವಾಗುವುದಾದರೆ ಹಸು ಯಾಕೆ ಸಾಕಬೇಕು ಎಂದು ಅತ್ತೆ ಅದನ್ನು ಸೌದೆಮನೆಗೆ ಅಟ್ಟಿದರು. ಅವರಿಗೆ ಅನ್ನ ಮುಳುಗುವಷ್ಟು ಹಸುವಿನ ತುಪ್ಪ ಬೇಕು. ಮಡಿ ಎಷ್ಟು ಕಟ್ಟುನಿಟ್ಟೋ ಮಾತೂ ಅಷ್ಟೇ. ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ.

ನನ್ನ ನಾದಿನಿಯನ್ನು ಎರಡು ಕಡೆಯವರು ನೋಡಿ ಬೇಡವೆಂದಿದ್ದರು. ಮೂರನೆಯವರು ಶಿವಮೊಗ್ಗದ ಕೋಟೆಯವರು. ಒಪ್ಪಿಕೊಂಡು, ಮಾರ್ಗಶಿರದ ಒಂದು ಬೆಳಿಗ್ಗೆ ಭದ್ರಾವತಿಯ ಜನ್ನಾಪುರದ ನಮ್ಮ ಮನೆಗೆ ಬಂದರು. ಊಟ ಮುಗಿಸಿ ತಾಂಬೂಲ ಬದಲಾಯಿಸಿಕೊಳ್ಳುವುದೆಂದು ಮಾತು. ಉಣ್ಣದೆ ಎಲೆ ಬಿಟ್ಟು ಎದ್ದರೆ ಸಂಬಂಧ ಮುರಿಯಿತೆಂದೇ ಲೆಕ್ಕ.

ಅಂಥ ದಿನವೇ ನಾನು, ದಡ್ಡಿ, ಬೆಣ್ಣೆ ಕಾಯಲಿಟ್ಟು ಹೋಳಿಗೆ ತಟ್ಟುತ್ತ ಮೈಮರೆತೆ. ಮೂಗಿಗೆ ವಾಸನೆ ಬರುವಷ್ಟರಲ್ಲಿ ಅದು ಸೀದು ಕರ್ರಗಾಗಿತ್ತು. ಹೊರಗೆ ಎಲೆ ಹಾಕಿಯಾಗಿತ್ತು. ಯಾರಿಗೂ ಹೇಳದೆ ಸೌದೆಮನೆಗೆ ಓಡಿ, ಆ ಡಬ್ಬದಿಂದ ತೋಡಿ ತಂದು, ಕರಗಿಸಿ ಬಡಿಸಿಬಿಟ್ಟೆ. ಕರಗಿದಾಗ ತುಪ್ಪದ ಹಾಗೇ ಇತ್ತು.

ಹುಡುಗನ ತಂದೆ ಎಲೆಯ ಸುತ್ತ ನೀರು ಬಿಟ್ಟು ಮಂತ್ರ ಹೇಳಲು ಶುರು ಮಾಡಿದರು. ಮುಗಿಯುವುದೇ ಇಲ್ಲ! ಚಳಿ ಬೇರೆ. ಅನ್ನದ ಪಕ್ಕಕ್ಕೆ ಹರಿದ ತುಪ್ಪ ನೋಡನೋಡುತ್ತಲೇ ಬೆಳ್ಳಗೆ ಮೇಣದಂತೆ ಬಿಗಿದುಕೊಂಡಿತು. ಅವರು ಅದನ್ನು ಬೆರಳಲ್ಲಿ ಒತ್ತಿ ನೋಡಿದರು. ಬೆರಳನ್ನು ಮೂಗಿನ ಹತ್ತಿರ ತಂದರು. ನಾನು ತುಪ್ಪದ ಗಿಂಡಿ ಹಿಡಿದು ಅವರ ಎದುರಿಗೇ ಇದ್ದೆ. ನಡುಮನೆ ಬಾಗಿಲ ಸಂದಿಯಲ್ಲಿ ನಾದಿನಿ ನಿಂತಿದ್ದಳು.

“ಯಾವ ತುಪ್ಪಾನಮ್ಮ ಇದು?” ಎಂದು ನನ್ನನ್ನೇ ಕೇಳಿದರು.

ನನ್ನ ಹಿಂದೆ ಪಲ್ಯ ಬಡಿಸುತ್ತಿದ್ದ ಅತ್ತೆ ಎಲೆ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿಯಿತು.

“ಎಮ್ಮೆ ತುಪ್ಪ. ಚಳೀಗೆ ಬೇಗ ಬಿಗಿಯುತ್ತೆ. ಊಟ ಮಾಡಿ,” ಎಂದರು.

ನಮ್ಮ ಮನೆಗೆ ಎಮ್ಮೆ ಹಾಲು ಬಂದದ್ದೇ ಇಲ್ಲ. ಹುಡುಗನ ತಂದೆ ಅನ್ನ ಕಲಸಿದರು. ತಾಂಬೂಲವಾಯಿತು, ಮುಂದೆ ಮದುವೆಯೂ ಆಯಿತು.

ಬೀಗರು ಹೋದ ಮೇಲೆ ಬೈಗುಳಕ್ಕೆ ಕಾದು ನಿಂತೆ. ಅತ್ತೆ ನೇರ ಬಚ್ಚಲಿಗೆ ಹೋಗಿ ತಲೆಗೆ ತಣ್ಣೀರು ಸುರಿದುಕೊಂಡರು. ಮರುದಿನ ಹೊಸ ತುಪ್ಪ ಕಾಸಿ ಅವರ ಎಲೆಗೆ ತಂದರೆ ಅಂಗೈ ಅಡ್ಡ ಹಿಡಿದರು.

“ನಂಗಿನ್ನು ತುಪ್ಪ ಬೇಡ ಕಣೆ. ಬಿಟ್ಟುಬಿಟ್ಟೆ.”

ಆಮೇಲೆ ಹದಿನಾಲ್ಕು ವರ್ಷ ಅವರಿಗೆ ಬಡಿಸಿದೆ. ದಿನಾ ಗಿಂಡಿ ಹಿಡಿದು ಹೋಗುತ್ತಿದ್ದೆ. ಆ ಅಂಗೈ ಒಂದು ದಿನವೂ ಸರಿಯಲಿಲ್ಲ.